ಕಾವು ನೋಡಿದ ಕೈ

ಮಡಕಶಿರ
೩ ಜೂನ್ ೨೦೨೪

ಬಸಲಿಂಗಮ್ಮನವರಿಗೆ,

ಎಣ್ಣೆ ಹಚ್ಚಿ ನೀವುವ ಕೆಲಸ ಕಲಿಯುತ್ತಾ ಆರು ವರ್ಷ ನಿಮ್ಮನ್ನು ಅವ್ವ ಎಂದು ಕರೆದೆ. ಇವತ್ತು ಆ ಮಾತು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಕ್ಷೇಮ ವಿಚಾರಿಸಲು ಬರೆದ ಕಾಗದವೂ ಇದಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಆಡಿದ್ದನ್ನು ನೀವು ಮರುದಿನ ಆಡಿಯೇ ಇಲ್ಲ ಅನ್ನುತ್ತೀರಿ. ನನಗೆ ಬರಹದಲ್ಲಿ ಬೇಕು.

ವಿಷಯ ಇಷ್ಟೇ. ಇಲ್ಲಿ ಒಂದು ಫಿಸಿಯೋಥೆರಪಿ ಸೆಂಟರ್ ಇದೆ. ಹೆಂಗಸರಿಗೆ ಮಸಾಜ್ ಮಾಡಲು ಒಬ್ಬಳು ಬೇಕು ಎಂದು ಗೊತ್ತಾಗಿ ಹೋದೆ. ಅದನ್ನು ನಡೆಸುವ ಶಿವಶಂಕರ್ ಸಾರ್ ಒಂದು ವಾರ ನನ್ನ ಕೆಲಸ ನೋಡಿ, ಇಂಥ ಕೈ ಅಪರೂಪ ಅಂದರು. ಎಂಟನೆಯ ದಿನ ರಾಯದುರ್ಗದ ಕಡೆಯ ಒಬ್ಬಾಕೆ ಮಂಡಿನೋವಿಗೆಂದು ಬಂದಳು. ನನ್ನ ಮುಖ ನೋಡಿದವಳೇ ಸೆರಗು ಹೊದ್ದು ಎದ್ದು ಕೂತಳು. "ಹಂಪಮ್ಮನ ಕಾಲು ಸುಟ್ಟಾಕಿ ಈಕೀನ ಅಲ್ಲೇನ್ರಿ" ಅಂದಳು. ಅವತ್ತಿನಿಂದ ನನ್ನನ್ನು ಟವೆಲ್ ಮಡಿಸಲು ಕೂರಿಸಿದ್ದಾರೆ.

ಹಂಪಮ್ಮನವರ ಕಾಲು ಯಾರು ಸುಟ್ಟರು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಫೆಬ್ರವರಿಯಲ್ಲಿ ನೀವು ಅವರ ಮನೆಯವರ ಮುಂದೆ ನನ್ನ ಕಡೆ ಬೊಟ್ಟು ಮಾಡಿ ಕೈ ತೊಳೆದುಕೊಂಡಿರಿ. ನನಗೆ ಒಂದು ಮನೆಯ ಬಾಗಿಲೂ ತೆರೆಯಲಿಲ್ಲ. ನನ್ನ ಗಂಡ ಮಾರೇಶ ಜೀನ್ಸ್ ಹೊಲಿಯುತ್ತಿದ್ದ ಕಡೆ ಅವನ ಹಿಂದೆ ಮುಂದೆ ಆಡಿಕೊಂಡರು. ಮೆಷಿನ್ನು ಹೊತ್ತುಕೊಂಡು ನಮ್ಮ ತವರಿನ ಕಡೆಗೆ ಬಂದೆವು. ಇಲ್ಲಿಗೂ ಆ ಮಾತು ಬಸ್ಸು ಹತ್ತಿ ಬಂದಿದೆ.

ನೀವು ಒಂದು ಕಾಗದ ಬರೆದು ಕೊಡಬೇಕು. ಎಣ್ಣೆಯ ಕಾವು ನೋಡಿದ್ದು ನಾನು, ರಾಧಿಕಾಳದು ತಪ್ಪಿಲ್ಲ ಎಂದು. ಈ ತಿಂಗಳ ಮೂವತ್ತರ ಒಳಗೆ ತಂದರೆ ಕೆಲಸ, ಇಲ್ಲವೆಂದರೆ ಬೇರೆಯವರನ್ನು ನೋಡುತ್ತೇನೆ ಎಂದು ಸಾರ್ ಹೇಳಿದ್ದಾರೆ. ನಿಮ್ಮಿಂದ ಇನ್ನೇನನ್ನೂ ಕೇಳುವುದಿಲ್ಲ.

ರಾಧಿಕಾ


ರಾಯದುರ್ಗ
೧೨ ಜೂನ್

ರಾಧಿಕಾ,

ನಿನ್ನ ಕಾಗದ ಬಂತು. ಎಣ್ಣೆ ಒಲೆಯ ಮೇಲಿಟ್ಟವಳು ನೀನು. ಇಳಿಸಿದವಳು ನೀನು. ನಾನು ಸುಳ್ಳು ಬರೆದು ಕೊಡುವುದಿಲ್ಲ.

ಗಡಿಯಾರ ನೋಡಿ ಇಪ್ಪತ್ತು ನಿಮಿಷ ಉಜ್ಜಿ ಎಬ್ಬಿಸುವ ಕಡೆ ಸೇರಿದ್ದೀ ಎಂದು ಕೇಳಿದೆ. ಒಳ್ಳೆಯದಾಯಿತು. ಅಲ್ಲಿಗೇ ಸರಿ ನೀನು.

ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ಬಸಲಿಂಗಮ್ಮ


ಮಡಕಶಿರ
೧೬ ಜೂನ್

ಬಸಲಿಂಗಮ್ಮನವರಿಗೆ,

ನಿಮ್ಮ ಎಂಟು ಸಾಲು ಓದಲು ನನಗೆ ಅರ್ಧ ಗಂಟೆ ಹಿಡಿಯಿತು. ಕೋಳಿ ಕೆದರಿದ ಹಾಗಿದೆ. ಬಾಣಂತಿಯರ ಮನೆಗೆ ನೀವು ಬರೆದು ಕೊಡುತ್ತಿದ್ದ ಪಥ್ಯದ ಚೀಟಿಗಳು ನನ್ನ ಹತ್ತಿರ ಇನ್ನೂ ಇವೆ, ಅಚ್ಚು ಹಾಕಿದ ಹಾಗೆ ಇರುತ್ತಿದ್ದವು. ನನಗೆ ಬರೆಯುವಾಗ ಮಾತ್ರ ಹೀಗೆ ಗೀಚಿದರೆ ಸಾಕು ಅನ್ನಿಸಿತಲ್ಲ ನಿಮಗೆ. ಇರಲಿ, ನನ್ನ ಯೋಗ್ಯತೆ ಅಷ್ಟೇ ಅಂದುಕೊಳ್ಳುತ್ತೇನೆ.

ಎಣ್ಣೆ ಒಲೆಯ ಮೇಲಿಟ್ಟವಳು ನಾನೇ. ಇಲ್ಲ ಅಂದೆನೇ? ಆದರೆ ಕಾವು ನೋಡುವುದು ಯಾರ ಕೆಲಸ? ಆರು ವರ್ಷ ನೀವು ನನಗೆ ಹೇಳಿಕೊಟ್ಟ ಮೊದಲನೆಯ ಪಾಠವೇ ಅದು. ಹಿರಿಯಳ ಕೈ ಎಣ್ಣೆಗೆ ಇಳಿಯುವವರೆಗೆ ಕಿರಿಯಳು ರೋಗಿಯ ಮೈ ಮುಟ್ಟಬಾರದು, ಹಿರಿಯಳು ಸರಿ ಅಂದ ಮೇಲೆ ಎದುರು ಮಾತಾಡಬಾರದು. ಅವತ್ತು ನಾನು ಆಡಿದೆ. "ಅವ್ವ, ಸುಡ್ತೈತೆ, ಒಂದೀಟು ತಡೀರಿ" ಅಂದೆ. ನೀವು ನಾಲ್ಕು ಬೆರಳನ್ನೂ ಬಟ್ಟಲಲ್ಲಿ ಅದ್ದಿದಿರಿ. "ಇದೇನ್ ಕಾವು, ಹಸಗೂಸಿಗೆ ಹಚ್ಚಬಹುದು, ಸುಮ್ಮನ ಹಿಡಕೊ" ಅಂದಿರಿ. ಹಂಪಮ್ಮನವರಿಗೆ ಲಕ್ವ ಹೊಡೆದ ಕಾಲು ಅದು, ಕೊಡಲಿ ಬಿದ್ದರೂ ಗೊತ್ತಾಗುವುದಿಲ್ಲ. ಆಕೆ ನನ್ನ ಮುಖ ನೋಡಿ ನಗುತ್ತಾ ಮಲಗಿದ್ದರು. ಚರ್ಮ ಕೆಂಪಾಗಿ ಏಳುವುದನ್ನು ಮೊದಲು ನೋಡಿದವಳು ನಾನು.

ಮರುದಿನ ನೀವು ಮಾಡಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವರ ಮನೆಗೆ ಬಂದಿರಿ. ನನಗೂ ಸುಟ್ಟಿದೆ ನೋಡ್ರಿ, ಅಷ್ಟು ಕಾಯಿಸಿದ್ದಾಳೆ ಎಂದು ತೋರಿಸಿದಿರಿ. ನಿಜವಾಗಿ ಸುಟ್ಟಿದ್ದರೆ ಬಟ್ಟಲಿನಿಂದ ಕೈ ಎಳೆದುಕೊಳ್ಳುತ್ತಿರಲಿಲ್ಲವೇ? ಬಾಯಿ ಬಿಡುತ್ತಿರಲಿಲ್ಲವೇ? ಆ ಬಟ್ಟೆ ನಾಟಕ ಎಂದು ನನಗೊಬ್ಬಳಿಗೆ ಗೊತ್ತಿತ್ತು. ಮಾತು ಬಿದ್ದುಹೋಗಿದ್ದ ಹಂಪಮ್ಮನವರು ಈಚೆಗೆ ನಿಮ್ಮನ್ನು ಬಿಟ್ಟು ನನ್ನನ್ನೇ ಸನ್ನೆ ಮಾಡಿ ಕರೆಯುತ್ತಿದ್ದರು, ಅದನ್ನು ನೀವು ಸಹಿಸಲಿಲ್ಲ. ಹೊಟ್ಟೆಕಿಚ್ಚಿಗೆ ನನ್ನನ್ನು ಬಲಿ ಕೊಟ್ಟಿರಿ.

ಇಪ್ಪತ್ತು ನಿಮಿಷದ ಕೆಲಸವನ್ನು ಹೀಯಾಳಿಸಿದ್ದೀರಿ. ಇಲ್ಲಿ ಮೈ ಮುಟ್ಟುವ ಮೊದಲು ಹತ್ತು ನಿಮಿಷ ಕೇಳುತ್ತಾರೆ. ಜ್ವರ ಇದೆಯೇ, ಊಟವಾಗಿ ಎಷ್ಟು ಹೊತ್ತಾಯಿತು, ಕಾಲಿನ ನರ ಉಬ್ಬಿದೆಯೇ, ಸಕ್ಕರೆ ಕಾಯಿಲೆಯೇ. ಸುಮ್ಮನೆ ದಣಿದು ಬಂದವರಿಗೆ ಅಂಗೈ ಅಗಲಿಸಿ ಮೆತ್ತಗೆ ನೀವುವುದು ಒಂದು ಬಗೆ. ಗಂಟು ಕಟ್ಟಿದ ಬೆನ್ನಿಗೆ ಹೆಬ್ಬೆರಳು ಊರಿ ಆಳಕ್ಕೆ ಒತ್ತುವುದು ಇನ್ನೊಂದು. ಓಟದ ಹುಡುಗಿಯರಿಗೆ ಬೇರೆ. ನೋವಾದರೆ ಹೇಳಿ ಎಂದು ಮೊದಲೇ ಹೇಳಿರುತ್ತಾರೆ, ಹಲ್ಲು ಕಚ್ಚಿ ತಡೆದುಕೊಂಡರೆ ಹೆಚ್ಚು ಗುಣ ಎಂದು ಯಾರೂ ಹೆದರಿಸುವುದಿಲ್ಲ. ಲಕ್ವದವರು ಬಂದರೆ ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ತಾಗಿಸಿ, ಗೊತ್ತಾಯಿತೇ ಎಂದು ಕೇಳುತ್ತಾರೆ. ಗೊತ್ತಾಗದ ಕಡೆ ಬಿಸಿ ಎಣ್ಣೆಯೂ ಇಲ್ಲ, ಶಾಖವೂ ಇಲ್ಲ. ನೀವೂ ಒಂದು ತುಂಡು ಹತ್ತಿ ಇಟ್ಟುಕೊಳ್ಳಿ. ಮೂವತ್ತೈದು ವರ್ಷದಲ್ಲಿ ಕಲಿಯದ್ದನ್ನು ಈಗಲಾದರೂ ಕಲಿಯಬಹುದು.

ಕಾಗದ ಬೇಗ ಕಳಿಸಿ.

ರಾಧಿಕಾ


ರಾಯದುರ್ಗ
೨೧ ಜೂನ್

ರಾಧಿಕಾ,

ಕನ್ನಡಕ ಒಡೆದಿದೆ, ಅದಕ್ಕೆ ಸೊಸೆ ಉಷಾರಾಣಿಯ ಕೈಲಿ ಬರೆಸುತ್ತಿದ್ದೇನೆ. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆ ಅಂದಿದ್ದೇನೆ. ಅವಳು ಮಧ್ಯೆ ಮಧ್ಯೆ ಹೀಗೆ ಬೇಡ ಅತ್ತಿ ಅನ್ನುತ್ತಾಳೆ. ನಾನು ಬಿಡುವುದಿಲ್ಲ.

ನನಗೆ ಪಾಠ ಹೇಳುವಷ್ಟು ದೊಡ್ಡವಳಾದೆಯಾ? ಅಗಳಿಯಿಂದ ಬಂದಾಗ ನಿನಗೆ ಎಳ್ಳೆಣ್ಣೆಗೂ ಹರಳೆಣ್ಣೆಗೂ ವ್ಯತ್ಯಾಸ ಗೊತ್ತಿರಲಿಲ್ಲ. ಹಸುಗೂಸಿನ ಎದೆ ನೀವು ಅಂದರೆ ರೊಟ್ಟಿ ತಟ್ಟಿದ ಹಾಗೆ ತಟ್ಟಿದ್ದೆ. ಬಾಣಂತಿಗೆ ಸೊಂಟದಿಂದ ಮೇಲಕ್ಕೆ, ಕೂಸಿಗೆ ಎದೆಯಿಂದ ಹೊರಕ್ಕೆ, ಉಳುಕಿದ ಪಾದಕ್ಕೆ ಬಾವು ಇಳಿಯುವ ತನಕ ಕೈಯೇ ಹಚ್ಚಬಾರದು, ಇದೆಲ್ಲ ನಿನಗೆ ಸೆಂಟರಿನವರು ಕಲಿಸಿದರೇ? ಉಂಡವರಿಗೆ ಎಣ್ಣೆ ಹಚ್ಚಬೇಡ, ನೀವಿದ ಮೇಲೆ ಗಾಳಿಗೆ ಕಳಿಸಬೇಡ, ಬೆಚ್ಚಗಿನ ನೀರು ಕುಡಿಸಿ ಸ್ವಲ್ಪ ಹೊತ್ತು ಮಲಗಿಸು ಎಂದು ನಿನ್ನ ಕಿವಿಯಲ್ಲಿ ಊದಿದವಳು ನಾನು. ಈಗ ಅದಕ್ಕೆ ಇಂಗ್ಲೀಷು ಹೆಸರಿಟ್ಟು ನನಗೇ ವಾಪಸ್ಸು ಹೇಳುತ್ತೀಯ. ನಿನ್ನ ಹತ್ತಿಯ ಆಟ ನನಗೆ ಬೇಡ.

ಹೊಟ್ಟೆಕಿಚ್ಚು ಅಂದೆ. ನಿನ್ನನ್ನು ಹಂಪಮ್ಮನ ಮನೆಗೆ ಮೊದಲು ಕರೆದುಕೊಂಡು ಹೋದವಳು ಯಾರು? ಆಕೆಯ ಗಂಡ ದೊಡ್ಡಮಲ್ಲಪ್ಪನವರಿಗೆ, ನನ್ನ ನಂತರ ನಿಮ್ಮ ಯಜಮಾನತಿಯನ್ನು ಈಕೆಯೇ ನೋಡಿಕೊಳ್ಳುತ್ತಾಳೆ ಎಂದು ಹೇಳಿದ್ದೆ. ನಿನಗೆ ಅದು ಗೊತ್ತಿಲ್ಲ. ಹೇಳಿದರೆ ತಲೆ ತಿರುಗುತ್ತದೆ ಎಂದು ಹೇಳಿರಲಿಲ್ಲ, ಈಗ ನೋಡಿದರೆ ಅದು ತಾನಾಗಿ ತಿರುಗಿದೆ.

ಈಚೆಗೆ ನಾನು ಯಾರ ಮನೆಗೂ ಎಣ್ಣೆಗೆ ಹೋಗುತ್ತಿಲ್ಲ. ಮಂಡಿ ಬಗ್ಗುವುದಿಲ್ಲ ಎಂದು ಹೇಳಿದ್ದೇನೆ. ಅದು ನಿನಗೆ ಬೇಡದ ವಿಷಯ.

ಇದರ ಜೊತೆಗೆ ಒಂದು ಚೀಟಿ ಇಟ್ಟಿದ್ದೇನೆ. ರಾಧಿಕಾ ನನ್ನ ಹತ್ತಿರ ಆರು ವರ್ಷ ಕೆಲಸ ಕಲಿತಿದ್ದಾಳೆ, ಕೈ ಒಳ್ಳೆಯದು, ನಡತೆ ಒಳ್ಳೆಯದು ಎಂದು ಬರೆಸಿದ್ದೇನೆ. ಅಷ್ಟು ಸಾಕು. ಅದಕ್ಕಿಂತ ಹೆಚ್ಚು ನನ್ನ ಕೈಲಿ ಆಗುವುದಿಲ್ಲ.

ಬಸಲಿಂಗಮ್ಮ


ಮಡಕಶಿರ
೨೫ ಜೂನ್

ಬಸಲಿಂಗಮ್ಮನವರಿಗೆ,

ನಿಮ್ಮ ಚೀಟಿಯನ್ನು ವಾಪಸ್ಸು ಕಳಿಸಿದ್ದೇನೆ. ಹರಿದು ಕಳಿಸಬೇಕೆಂದಿದ್ದೆ, ಮಾರೇಶ ಕಿತ್ತುಕೊಂಡ. ವಯಸ್ಸಾದವರು, ಹೋಗಲಿ ಬಿಡು, ಮನೆಯಲ್ಲೇ ಕೂತು ಜೀನ್ಸಿಗೆ ಗುಂಡಿ ಹಚ್ಚು ಅಂದ. ಆರು ವರ್ಷ ಕಲಿತ ಕೈಯಲ್ಲಿ ಗುಂಡಿ ಹಚ್ಚಬೇಕಂತೆ. ಅವನ ಮೇಲೂ ಕೂಗಾಡಿದೆ.

ಕೈ ಒಳ್ಳೆಯದು, ನಡತೆ ಒಳ್ಳೆಯದು. ಮದುವೆಗೆ ಹೆಣ್ಣು ತೋರಿಸುತ್ತಿದ್ದೀರಾ? ಸುಟ್ಟ ಮಾತು ಎಲ್ಲಿ? ಶಿವಶಂಕರ್ ಸಾರ್ ಚೀಟಿ ತಿರುಗಿಸಿ ನೋಡಿದರು. ಇದು ಯಾರ ಅಕ್ಷರ ಎಂದು ಕೇಳಿದರು. ಸೊಸೆಯದು ಅಂದೆ. ಸೊಸೆ ಬರೆದದ್ದು ನಡೆಯುವುದಿಲ್ಲ, ಆಕೆಯೇ ಬರೆಯಲಿ ಅಂದರು. ನನಗೂ ಅದೇ ಅನ್ನಿಸಿತ್ತು. ನಾಳೆ ಯಾರಾದರೂ ಕೇಳಿದರೆ, ನಾನು ಹೇಳಿರಲಿಲ್ಲ, ಉಷಾರಾಣಿ ಬರೆದುಕೊಂಡಳು ಅನ್ನಲು ದಾರಿ ಇರಲಿ ಎಂದು ತಾನೆ ಈ ಕನ್ನಡಕದ ಕತೆ? ಹನ್ನೆರಡನೇ ತಾರೀಖು ಕಣ್ಣು ಕಾಣುತ್ತಿತ್ತು, ಇಪ್ಪತ್ತೊಂದಕ್ಕೆ ಒಡೆದುಹೋಯಿತು.

ನಿಮ್ಮ ಕೈಯಿಂದಲೇ ಬರೆಯಬೇಕು. ಕಾವು ನೋಡಿದ್ದು ನಾನು ಎಂದು ನಿಮ್ಮ ಅಕ್ಷರದಲ್ಲೇ ಬೇಕು. ಒಂದು ಪದವೂ ಕಡಿಮೆಯಾಗಬಾರದು.

ದೊಡ್ಡಮಲ್ಲಪ್ಪನವರಿಗೆ ನನ್ನ ಬಗ್ಗೆ ಹೇಳಿದ್ದಿರಂತೆ. ಅದನ್ನು ಈಗ ಓದಿ ನನಗೆ ಸಂತೋಷವಾಗಬೇಕಿತ್ತೇ? ಯಾರ ಮುಂದೆ ನನ್ನನ್ನು ಎತ್ತಿ ಕೂರಿಸಿದಿರೋ ಅವರ ಮುಂದೆಯೇ ನೂಕಿದಿರಿ. ಅವತ್ತು ನಾನು ಅವರ ನಡುಮನೆಯಲ್ಲಿ ನಿಂತು ಅಳುತ್ತಿದ್ದೆ. ನೀವು ನನ್ನ ಕಡೆ ಒಂದು ಸಲವೂ ಮುಖ ತಿರುಗಿಸಲಿಲ್ಲ. ಬಟ್ಟೆ ಸುತ್ತಿದ ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೆಲ ನೋಡುತ್ತಿದ್ದಿರಿ.

ಇದುವರೆಗೆ ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ ನಾನು. ಇವತ್ತು ಬಾಯಿ ತುಂಬಾ ಹೇಳುತ್ತಿದ್ದೇನೆ. ನನ್ನ ಕಡೆ ಬೊಟ್ಟು ಮಾಡಿದ ನಿಮ್ಮ ಕೈ ಸೇದಿ ಹೋಗಲಿ.

ರಾಧಿಕಾ


ಮಡಕಶಿರ
೧ ಜುಲೈ

ಬಸಲಿಂಗಮ್ಮನವರಿಗೆ,

ಮೂವತ್ತು ಕಳೆಯಿತು. ಸಾರ್ ಇನ್ನು ಹತ್ತು ದಿನ ನೋಡುತ್ತೇನೆ ಅಂದಿದ್ದಾರೆ. ಬೇರೆ ಒಬ್ಬಳು ಬಂದು ಹೆಸರು ಬರೆಸಿ ಹೋಗಿದ್ದಾಳೆ.

ಹತ್ತನೇ ತಾರೀಖಿನವರೆಗೆ ನೋಡಿ, ಕಾಗದ ಬರದಿದ್ದರೆ ನಾನೇ ರಾಯದುರ್ಗಕ್ಕೆ ಬರುತ್ತೇನೆ. ಹಂಪಮ್ಮನವರ ಮಂಚದ ಪಕ್ಕ ನಿಂತು ನಿಮ್ಮನ್ನು ಕರೆಸುತ್ತೇನೆ.

ರಾಧಿಕಾ


ರಾಯದುರ್ಗ
೮ ಜುಲೈ

ರಾಧಿಕಾ,

ನನ್ನ ಕೈಯಿಂದಲೇ ಬರೆದಿದ್ದೇನೆ. ಉಷಾರಾಣಿ ಪೆನ್ನನ್ನು ಬಟ್ಟೆಯಿಂದ ಬೆರಳಿಗೆ ಕಟ್ಟಿದ್ದಾಳೆ. ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು. ಓದಲು ಕಷ್ಟವಾದರೆ ಬೈಯಬೇಡ.

ಬೆರಳಿಗೆ ಸ್ಪರ್ಶ ಕಡಿಮೆಯಾಗಿ ಎರಡು ವರ್ಷ. ಮೊದಲು ತುದಿ ಮಾತ್ರ ಜುಮ್ಮೆನ್ನುತ್ತಿತ್ತು. ಬಿಸಿನೀರಿನಲ್ಲಿ ಆಡಿದ ಕೈ, ದಪ್ಪವಾಗಿದೆ ಅಂದುಕೊಂಡೆ. ಸಕ್ಕರೆ ಕಾಯಿಲೆ ಇರುವುದು ನಿನಗೆ ಗೊತ್ತಿತ್ತು. ಮಾತ್ರೆ ಸರಿಯಾಗಿ ನುಂಗುತ್ತಿರಲಿಲ್ಲ, ಅದು ಗೊತ್ತಿರಲಿಲ್ಲ. ಕೈಗೆ ಗೊತ್ತಾಗುವುದಿಲ್ಲ ಎಂದು ಹೇಳಿದರೆ ನನ್ನನ್ನು ಯಾರು ಕರೆಯುತ್ತಾರೆ? ನನಗೆ ಬೇರೆ ಏನು ಬರುತ್ತದೆ?

ಅವತ್ತು ನೀನು ಸುಡ್ತೈತೆ ಅಂದಾಗ ನನಗೆ ಎಣ್ಣೆ ಉಗುರುಬೆಚ್ಚಗೆ ಅನ್ನಿಸಿತು. ನೀನು ಜಾಣತನ ತೋರಿಸುತ್ತಿದ್ದೀ ಅಂದುಕೊಂಡೆ. ಹಂಪಮ್ಮನ ಕಾಲಿಗೆ ಗೊತ್ತಾಗಲಿಲ್ಲ, ನನ್ನ ಕೈಗೂ ಗೊತ್ತಾಗಲಿಲ್ಲ. ಬೊಬ್ಬೆ ಎದ್ದಾಗ ನೀನೇ ಹೆಚ್ಚು ಕಾಯಿಸಿದ್ದೀ ಎಂದು ಸಿಟ್ಟು ಬಂತು. ನಿಜವಾದ ಸಿಟ್ಟು. ರಾತ್ರಿ ಊಟಕ್ಕೆ ಕೂತಾಗ ಉಷಾರಾಣಿ, "ಅತ್ತಿ, ನಿಮ್ಮ ಬೆರಳಿಗೇನಾತು" ಅಂದಳು. ಎರಡು ಬೆರಳಿಗೆ ಗುಳ್ಳೆ ಎದ್ದಿತ್ತು. ಅದೇ ಕೈಯಲ್ಲಿ ಸಾರು ಕಲಸಿಕೊಂಡು ಉಣ್ಣುತ್ತಿದ್ದೆ. ಆಗ ನನಗೆ ಗೊತ್ತಾಯಿತು.

ಆ ಬಟ್ಟೆ ನಾಟಕವಲ್ಲ. ಆದರೆ ಅದನ್ನು ತೋರಿಸಿ ಆಡಿದ ಮಾತು ನಾಟಕ. ಗೊತ್ತಿದ್ದೂ ಆಡಿದೆ.

ನಿನ್ನ ಹತ್ತಿ ಬೇಡ ಎಂದು ಬರೆಸಿದ ದಿನವೇ ಸಂಜೆ ಉಷಾರಾಣಿಯನ್ನು ಕೂರಿಸಿಕೊಂಡು ಕಣ್ಣು ಮುಚ್ಚಿದೆ. ಕಾದೆ ಕಾದೆ. ಯಾವಾಗ ತಾಗಿಸುತ್ತೀ ಎಂದು ಕೇಳಿದೆ. "ನಾಕ್ ಸಲ ಆತ್ರಿ ಅತ್ತಿ" ಅಂದಳು.

ಗುರುವಾರ ದೊಡ್ಡಮಲ್ಲಪ್ಪನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರ ಮಗ ಕಲ್ಲೇಶನೂ ಇದ್ದ. ಅವನು ನನಗೆ ಹೊಸಲು ದಾಟಬೇಡ ಅಂದ. ದೊಡ್ಡಮಲ್ಲಪ್ಪನವರು, "ಇದನ್ನ ಅವತ್ತ ಹೇಳಬೇಕಿತ್ರಿ" ಅಂದರು. ಹಂಪಮ್ಮನಿಗೆ ಈಗ ಒಂದೊಂದು ಮಾತು ಬರುತ್ತದೆ. ಒಳಗಿನಿಂದ ಎರಡು ಸಲ, "ಹುಡುಗೀನ ಕರಸ್ರಿ, ಹುಡುಗೀನ ಕರಸ್ರಿ" ಅಂದಳು. ಹುಡುಗಿ ಅಂದರೆ ನೀನು.

ನಿನಗೆ ಬೇಕಾದ ಕಾಗದ ಬೇರೆ ಹಾಳೆಯಲ್ಲಿದೆ. ನೀನು ಕೇಳಿದ್ದರಲ್ಲಿ ಒಂದು ಪದವೂ ಕಡಿಮೆ ಮಾಡಿಲ್ಲ.

ಕೈ ಸೇದಿ ಹೋಗಲಿ ಅಂದೆ. ನೀನು ಹೊಸದಾಗಿ ಅನ್ನಬೇಕಿರಲಿಲ್ಲ. ಹೋಗಿ ಎಷ್ಟೋ ದಿನವಾಯಿತು.

ಇನ್ನು ನನಗೆ ಬರೆಯಬೇಡ.

ಬಸಲಿಂಗಮ್ಮ


ಮಡಕಶಿರ
೧೨ ಜುಲೈ

ಬಸಲಿಂಗಮ್ಮನವರಿಗೆ,

ಬರೆಯಬೇಡ ಅಂದಿರಿ. ನಿಮ್ಮ ಮಾತು ಕೇಳಿ ಸುಮ್ಮನಿದ್ದು ಒಂದು ಸಲ ಕೆಟ್ಟಿದ್ದೇನೆ, ಹಾಗಾಗಿ ಈ ಸಲ ಕೇಳುವುದಿಲ್ಲ.

ನಿನ್ನೆ ಕಾಗದ ತಲುಪಿತು. ಶಿವಶಂಕರ್ ಸಾರ್ ಎದುರಿಗೆ ಇಟ್ಟೆ. ಅವರು ಕನ್ನಡಕ ಹಾಕಿ, ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಒಂದು ಸಾಲೂ ಅವರಿಗೆ ಹತ್ತಲಿಲ್ಲ. ನೀನೇ ಓದಮ್ಮ ಅಂದರು. ನಾನೇ ನಿಂತು ಓದಿದೆ. 'ಎಣ್ಣೆಯ ಕಾವು ನೋಡಿದ್ದು ನಾನು, ರಾಧಿಕಾ ಸುಡುತ್ತದೆ ಎಂದು ಹೇಳಿದ್ದಳು, ನಾನು ಕೇಳಲಿಲ್ಲ' ಎಂಬಲ್ಲಿಗೆ ಬಂದು ನಿಲ್ಲಿಸಿದೆ. ಇಷ್ಟೇ ಸಾರ್ ಎಂದು ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಂತೆ. ಸಾರ್ ಆಮೇಲೆ ಬಂದು, ಇದು ನರ ಸತ್ತ ಕೈಯ ಬರಹ, ಇಂಥವರನ್ನು ದಿನವೂ ನೋಡುತ್ತೇನೆ ಅಂದರು. ಸೋಮವಾರದಿಂದ ಕೆಲಸಕ್ಕೆ ಬಾ ಅಂದರು.

ಕೆಲಸ ಸಿಕ್ಕಿತು. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಮಾತ್ರ ತಿಳಿಯಬೇಡಿ. ಕೈ ಸತ್ತದ್ದು ನಿಮ್ಮ ತಪ್ಪಲ್ಲ. ಗೊತ್ತಾದ ಮೇಲೆ ಐದು ತಿಂಗಳು ಅದನ್ನು ನನ್ನ ತಲೆಯ ಮೇಲೆ ಹೊರಿಸಿ ಕೂತದ್ದು ತಪ್ಪು. ಅದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಅವ್ವ ಎಂದು ಬರೆಯಲು ನೋಡಿದೆ, ಆಗಲಿಲ್ಲ. ಆದರೆ ನಿಮ್ಮ ಅಕ್ಷರಕ್ಕೆ ಕೋಳಿ ಕೆದರಿದ್ದು ಅಂದೆನಲ್ಲ, ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಕೈಗೆ ಹಾಕಿದ ಶಾಪವನ್ನೂ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದು ಬರೆದ ರಾತ್ರಿ ನಿದ್ದೆ ಬಂದಿರಲಿಲ್ಲ.

ಈಗ ಹೇಳುವುದನ್ನು ಉಷಾರಾಣಿಯೂ ಕೇಳಲಿ. ನೀವು ಒಲೆಯ ಹತ್ತಿರ ಹೋಗಬಾರದು. ಸ್ನಾನದ ನೀರನ್ನು ಅವಳು ಮೊಣಕೈ ಅದ್ದಿ ನೋಡಬೇಕು. ಕೈ ಹೋದವರಿಗೆ ಪಾದ ಅದಕ್ಕೂ ಮೊದಲೇ ಹೋಗಿರುತ್ತದಂತೆ, ದಿನವೂ ಅಂಗಾಲು ತಿರುಗಿಸಿ ಗಾಯ ಇದೆಯೇ ಎಂದು ನೋಡಬೇಕು. ಚಪ್ಪಲಿ ಇಲ್ಲದೆ ಅಂಗಳಕ್ಕೆ ಇಳಿಯಬೇಡಿ. ಮಾತ್ರೆ ತಪ್ಪಿಸಬೇಡಿ, ಡಾಕ್ಟರಿಗೆ ತೋರಿಸಿ. ಎಣ್ಣೆ ಹಚ್ಚಿ ನೀವಿದರೆ ಹೋದ ಸ್ಪರ್ಶ ತಿರುಗಿ ಬರುವುದಿಲ್ಲ, ಆ ಸುಳ್ಳು ನಾನು ಹೇಳುವುದಿಲ್ಲ. ಬಿಗಿದುಕೊಂಡ ಬೆರಳು ಸ್ವಲ್ಪ ಸಡಿಲವಾಗಬಹುದು, ಪೆನ್ನನ್ನು ಬಟ್ಟೆ ಕಟ್ಟದೆ ಹಿಡಿಯುವಷ್ಟು. ಅಷ್ಟಕ್ಕೇ ಎಷ್ಟೋ ತಿಂಗಳು ಬೇಕು.

ನಾಡಿದ್ದು ಭಾನುವಾರ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ ಬರುತ್ತೇನೆ. ಮೊದಲು ಹಂಪಮ್ಮನವರ ಮನೆಗೆ ಹೋಗುತ್ತೇನೆ, ಅವರು ಕರೆದಿದ್ದಾರೆ. ಅಲ್ಲಿಂದ ನಿಮ್ಮ ಮನೆಗೆ. ನನ್ನನ್ನು ನೋಡಿ ಅಳಬೇಡಿ, ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಉಂಡು ಕೂತಿರಬೇಡಿ. ಹರಳೆಣ್ಣೆಯ ಬಟ್ಟಲು ಹೊರಗೆ ತೆಗೆದಿಟ್ಟಿರಿ, ಆದರೆ ನಾನು ಬರುವವರೆಗೆ ಒಲೆಯ ಮೇಲೆ ಇಡಬೇಡಿ.

ಕಾವು ನಾನು ನೋಡುತ್ತೇನೆ. ನಾನು ಸರಿ ಅಂದ ಮೇಲೆ ನೀವು ಕೈ ಕೊಡಿ.

ರಾಧಿಕಾ